ಮುತ್ತತ್ತಿರಾಯನ ಮುಂದೆ ಕೊಟ್ಟ ಗದ್ದೆ

ಕಳ್ಳ ಆಗಿದ್ರೆ ವಾಸಿಯಿತ್ತು ಕಣವ್ವಾ. ಜುಟ್ಟಿಡ್ಕಂಡು ಕೇಳಬೋದಿತ್ತು. ಈ ಹೊನ್ನಯ್ನೋರ ಏನಂತ ಕೇಳ್ಲಿ ನಾನು?

ಹೊನ್ನಯ್ನೋರು ನಮ್ಮ ಒಡೇರು. ಹೊಳಲು ತಾವ ಅವರ ನಾಲೆ ಗದ್ದೇನ ನಮ್ಮಾವನ ಕಾಲದಿಂದ ವಾರಕ್ಕೆ ಮಾಡ್ತಿದ್ದೋ. ಬೆಳೆದದ್ರಲ್ಲಿ ಅರ್ಧ ಅವರ್ಗೆ, ಅರ್ಧ ನಮ್ಗೆ. ಉಳೋನೇ ಒಡೆಯ ಅಂತ ಸರ್ಕಾರ ಕಾನೂನು ತಂತಲ್ಲ, ನಮ್ಮನೇಲಿ ಅಬ್ಬವೋ ಅಬ್ಬ! ಗಡುವಿನೊಳ್ಗೆ ತಾಲ್ಲೂಕಾಪೀಸಿಗೆ ಒಂದರ್ಜಿ ಆಕುದ್ರೆ ಸಾಕು, ಗದ್ದೆ ನಮ್ದೇ ಅಂದ್ರು ಊರೋರು.

ಅಷ್ಟ್ರಲ್ಲಿ ಹೊನ್ನಯ್ನೋರು ವಕ್ಕಲನ್ನೆಲ್ಲ ವ್ಯಾನಲ್ಲಿ ಮುತ್ತತ್ತಿಗೆ ಕರ್ಕೊಂಡೋದ್ರು. ಆಂಜನೇಯನ ಎದುರಿಗೆ ಅಂಗೈ ಮ್ಯಾಲೆ ಕರ್ಪೂರ ಹಚ್ಚಿ, ಮುಷ್ಟಿ ಮುಚ್ಚಿ ಆರಿಸುದ್ರು. "ನನ್ನ ವಕ್ಕಲು ಕಚೇರಿ ಬಾಗ್ಲು ಯಾಕೆ ಕಾಯ್ಬೇಕು? ನನ್ನ ಕೈಯಾರೆ ಕೊಡ್ತೀನಿ, ಮುತ್ತತ್ತಿರಾಯನಾಣೆ" ಅಂದ್ರು. ಅಂಗೈ ಬೊಬ್ಬೆ ಎದ್ದಿತ್ತು. ಗಳಗಳ ಅತ್ರು. ನಾನೂ ಅತ್ತೆ.

ಊರಿಗೆ ಬಂದ್ಮ್ಯಾಕೆ "ಆದ್ರೂ ಒಂದರ್ಜಿ ಕೊಟ್ಬಾ" ಅಂದೆ. ನಮ್ಮೆಜಮಾನ ಮೈಮ್ಯಾಲೆ ಬಿದ್ದ. "ಥೂ, ಬಾಯ್ಮುಚ್ಚೇ! ಕರ್ಪೂರ ಆರಿಸಿದ್ಮ್ಯಾಕೆ ಅರ್ಜಿ ಆಕದು ಅಂದ್ರೆ ದೇವ್ರೇ ಸುಳ್ಳು ಅಂದಂಗೆ. ಮನೆ ಉಳೀತದಾ?" ವಕ್ಕಲಲ್ಲಿ ಒಬ್ನೂ ಆಕ್ನಿಲ್ಲ. ಗಡುವು ಮುಗುದೋಯ್ತು. ಆಮ್ಯಾಕೆ ಅವರ ಅಳಿಯ ಬಂದು ಗದ್ದೆಗೆ ಬೇಲಿ ಆಕ್ಸಿ, ಕೂಲಿ ಬೇಕಾದ್ರೆ ಬನ್ನಿ ಅಂದ. ಕೂಲಿಗೇ ಓದೋ. ಒಟ್ಟೆ ಕೇಳ್ತದಾ?

ಹೊನ್ನಯ್ನೋರ ಮಂಡ್ಯದ ಮನೆಗೂ ಓಗಿ ಕೇಳ್ದೆ. "ನನ್ನ ಮಾತು ಮಾತೇ ದೇವೀರಮ್ಮ, ಓಗು" ಅಂತ ಕಾಪಿ ಕೊಡ್ಸುದ್ರು. ಆವತ್ತು ಆಡಿದ್ದು ನಿಜವೋ ಸುಳ್ಳೋ ಅಂತ ದಾರಿಯುದ್ದಕ್ಕೂ ತಲೆ ಕೆಡುಸ್ಕಂಡೆ. ಬಗೆಹರೀನಿಲ್ಲ.

ಮೊನ್ನೆ ಓಟಿಗೆ ನಿಂತು ಮದ್ದೂರಲ್ಲಿ ಭಾಷಣ ಮಾಡುದ್ರು. ಜನದ ಮುಂದೇನೇ ಕೇಳ್ಬುಡನ ಅಂತ ಓಗಿ ಮುಂದ್ಗಡೆ ಕುಂತೆ. ಪಕ್ಕದಲ್ಲಿ ನಮ್ಮೆಜಮಾನ. ಹೊನ್ನಯ್ನೋರು ಮೈಕಿಡ್ಕಂಡು, "ನನ್ನ ವಕ್ಕಲು ಒಂದು ಅರ್ಜಿ ಹಾಕಲಿಲ್ಲ ಸ್ವಾಮಿ! ಅದಕ್ಕೆ ಮೊದಲೇ ಭೂಮಿ ಬಿಟ್ಟುಕೊಟ್ಟೋನು ನಾನು. ಅಗೋ, ಅಲ್ಲೇ ಕುಂತವ್ರೆ, ಕೇಳಿ" ಅಂತ ನಮ್ಮ ಕಡೆ ಕೈ ತೋರುದ್ರು.

ಎದ್ದು ನಿಂತ್ಕಂಡೆ. ಅವರ ಕಣ್ಣನ್ನೇ ನೋಡ್ದೆ. ಸುಳ್ಳಾಡೋನ ಕಣ್ಣು ಒಂದ್ಗಳಿಗೆ ಆದ್ರೂ ನೆಲ ನೋಡ್ತದೆ. ಇವರ ಕಣ್ಣು ತುಂಬ್ಕಂಡಿತ್ತು, ನನ್ನ ನೋಡಿ ನಕ್ಕು ತಲೆ ಆಡ್ಸುದ್ರು. ಕೊಟ್ಟೇ ಇವ್ನಿ ಅಂತ ನಂಬ್ಬುಟ್ಟವ್ರೆ ಕಣವ್ವಾ! ನಾನು ಯಾರ್ನ ಬೈಲಿ?

ಜನ ಚಪ್ಪಾಳೆ ಹೊಡುದ್ರು. ನಮ್ಮೆಜಮಾನನೂ ಹೊಡೀತಾವ್ನೆ. ಅದೇ ಗದ್ದೇಲಿ ಕೂಲಿಗೆ ಕಬ್ಬು ಕಡ್ದು ಬಿರುಕು ಬಿಟ್ಟ ಕೈ. ನನ್ನ ಸೆರಗು ಜಗ್ಗಿ ಕುಂಡ್ರುಸ್ಕಂಡ.

"ಕೇಳುಸ್ಕಂಡೇನೇ? ಕೊಟ್ಬುಟ್ರಂತೆ ಕಣೇ" ಅಂದ.