ಹಾಡದ ರೇಡಿಯೋ

ನಮ್ಮ ಕಲ್ಲುಗಣಿಯ ಜಾಲಿಮರಕ್ಕೆ ಒಂದು ರೇಡಿಯೋ ತೂಗುಹಾಕಿರುತ್ತಿತ್ತು. ಅದು ಎಂದೂ ಹಾಡಿದ್ದಿಲ್ಲ. ಯಾವ ಕೇಂದ್ರವೂ ಸಿಗದ ಕಡೆ ಮುಳ್ಳು ತಿರುಗಿಸಿ ಅಪ್ಪ ಅದನ್ನು ಹಾಗೆಯೇ ಬಿಡುತ್ತಿದ್ದ.

"ಒಂದು ಹಾಡರ ಹಚ್ಚಪ್ಪ," ಎಂದು ಅವ್ವನ ಪಕ್ಕದಲ್ಲಿ ಜಲ್ಲಿ ಒಡೆಯುತ್ತಿದ್ದ ನಾನು ಕಾಡುತ್ತಿದ್ದೆ.

"ಮಿಂಚು ಹರದಾಗ ಬೆಳಕಷ್ಟೇ ಹುಟ್ಟೂದಿಲ್ಲವ್ವ. ಕಣ್ಣಿಗೆ ಕಾಣದ ಅಲೆನೂ ಏಳತಾವ. ಗುಡ್ಡದ ಆಚೆ ಮಿಂಚಿದ್ರೂ ಇದರಾಗ ಕರಕರ ಅಂತದ. ಅದು ಹತ್ರ ಬಂತಂದ್ರ ನಮ್ಮ ಮದ್ದಿನ ವೈರಿನಾಗೂ ಕರೆಂಟ್ ಹುಟ್ಟಬಹುದು. ಆಮೇಲೆ ಯಾರೂ ಗುಂಡಿ ಒತ್ತೂದು ಬ್ಯಾಡ, ಮದ್ದು ತಾನಾ ಸಿಡಿತದ," ಎನ್ನುತ್ತಿದ್ದ ಅಪ್ಪ.

ಬಂಡೆಗೆ ಮದ್ದು ತುಂಬುವವರು ಇಬ್ಬರೇ: ಅಪ್ಪ ಯಮನೂರಪ್ಪ ಮತ್ತು ಅವನ ಜೀವದ ಗೆಳೆಯ ಮೌಲಾಸಾಬ. ಸಿಡಿತದ ಸದ್ದು ಕೇಳಿ ಕೇಳಿ ಮೌಲಾಸಾಬನ ಕಿವಿ ಹೆಚ್ಚುಕಡಿಮೆ ಸತ್ತೇ ಹೋಗಿದ್ದವು.

ಆ ದಿನ ತಲೆಯ ಮೇಲೆ ಬಿಸಿಲು ಉರಿಯುತ್ತಿತ್ತು. ಕೆಳಸಾಲಿನಲ್ಲಿ ಮದ್ದು ತುಂಬಿದ ಕುಳಿಗಳಿಗೆ ವೈರು ಜೋಡಿಸಿ ಮುಗಿದಿತ್ತು. ಮೌಲಾಸಾಬ ಮೇಲಿನ ಸಾಲಿನಲ್ಲಿ, ನಮಗೆ ಬೆನ್ನು ಹಾಕಿ ಬಗ್ಗಿದ್ದ. ಒಮ್ಮೆಲೇ ಜಾಲಿಮರದ ರೇಡಿಯೋ ಒಣ ಸೊಪ್ಪು ಹೊತ್ತಿಕೊಂಡಂತೆ ಕರಕರ ಎಂದಿತು. ನಿಲ್ಲಲೇ ಇಲ್ಲ. ಗುಡ್ಡದ ನೆತ್ತಿಯ ಹಿಂದೆ ಮೋಡ ಕಪ್ಪಗೆ ತಲೆ ಎತ್ತಿತ್ತು.

"ಓಡ್ರಿ! ಎಲ್ಲಾರೂ ದೂರ ಓಡ್ರಿ!" ಅಪ್ಪ ಕೂಗಿದ. ಸುತ್ತಿಗೆ ಬಿಸಾಕಿ ನಾವೆಲ್ಲ ಓಡಿದೆವು. "ಮೌಲಾ! ಇಳಿಯೋ!" ಎಂದು ಅರಚಿದ. ಮೇಲಿದ್ದವನಿಗೆ ಕೇಳಿಸಲಿಲ್ಲ. ಅಪ್ಪ ಕೈ ಬೀಸುತ್ತ ಬಂಡೆ ಹತ್ತತೊಡಗಿದ. ಮೌಲಾಸಾಬ ಆಗ ತಿರುಗಿ ನೋಡಿದ. ನಕ್ಕು, ತಡಿ ಎಂಬಂತೆ ಅಂಗೈ ಎತ್ತಿ, ಮತ್ತೆ ಬಗ್ಗಿದ.

ಅಪ್ಪ ಕೆಳಸಾಲಿನ ಮೇಲೆ ಕಾಲಿಟ್ಟಿದ್ದ. ಯಾರೂ ಗುಂಡಿ ಒತ್ತಲಿಲ್ಲ.

ಅಪ್ಪನನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ಮೌಲಾಸಾಬ ನಮ್ಮ ಮನೆಗೆ ಬಂದ. ತಲೆಯ ಗಾಯಕ್ಕೆ ಬಟ್ಟೆ ಸುತ್ತಿತ್ತು. ಒಳಗೆ ಬಾರದೆ ಹೊಸ್ತಿಲ ಹೊರಗೇ ಕುಕ್ಕರಿಸಿ ಅವ್ವನನ್ನು ಕೇಳಿದ:

"ತಂಗೀ, ಅವ ಬಾಯಿ ತಗದು ಏನೋ ಕೂಗತಿದ್ದ. ನಾ ತಡಿ ಅಂದೆ. ಖರೇ ಹೇಳು, ರೇಡಿಯೋ ಕರಕರ ಅಂದಿತ್ತೇನು? ನನ್ನ ಉಳಸಾಕ ಬಂದಿದ್ದನೇನು?"

ಅವ್ವ ಎದ್ದು ಬಂದು ಅವನ ಪಕ್ಕ ಕೂತಳು. ಕಿವಿಗೆ ಬಾಯಿ ಹಚ್ಚಿ, ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಇಲ್ಲ ಮೌಲಣ್ಣ, ಏನೂ ಅಂದಿದ್ದಿಲ್ಲ. ನಿನ್ನ ಊಟಕ್ಕ ಕರಿಯಾಕ ಬಂದಿದ್ದ."

ಗಣಿಯ ಹೆಂಗಸರು ಗೋಡೆಗೊರಗಿ ಕೂತಿದ್ದರು. ರೇಡಿಯೋದ ಆ ಕರಕರ ಕೇಳಿಯೇ ಓಡಿ ಬದುಕಿದವರು. ಯಾರೂ ತುಟಿ ಬಿಚ್ಚಲಿಲ್ಲ.

ಅವ್ವ ತಟ್ಟೆಯಲ್ಲಿ ರೊಟ್ಟಿ, ಪುಂಡಿಪಲ್ಯ ತಂದು ಅವನ ಮುಂದಿಟ್ಟಳು. ಮೌಲಾಸಾಬ ಒಂದು ಚೂರು ಮುರಿದ. ಬಾಯಿಗಿಡಲಾಗದೆ, ಕೆಳಗಿಡಲೂ ಆಗದೆ, ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂತ.