ಹಲ್ಲು ಉದುರಿಸುವವನ ದವಡೆ

ನಮ್ಮ ಗುಹೆಯಲ್ಲಿ ಮೇಲಿನ ಮುಂಬಲ್ಲುಗಳಿರುವ ದೊಡ್ಡವರು ಒಬ್ಬರೂ ಇಲ್ಲ. ಹುಡುಗನಿಗೆ ಮೀಸೆ ಚಿಗುರಿದ ಮೇಲೆ, ಹುಡುಗಿ ಮೈನೆರೆದ ಮೇಲೆ, ಆ ಎರಡು ಹಲ್ಲು ಕೊಟ್ಟರೇನೇ ದೊಡ್ಡವರ ಸಾಲಿಗೆ ಸೇರಿಸಿಕೊಳ್ಳುವುದು. ಅವನ್ನು ಉದುರಿಸುವ ಕೆಲಸ ನನ್ನದಾಗಿತ್ತು. ಕಾಡುಕುರಿಯ ಕೊಂಬಿನ ಉಳಿ, ಹೊಳೆಯ ಗುಂಡುಕಲ್ಲು, ಜೊತೆಗೆ ನನ್ನ ನಾಲಿಗೆ. ಇವುಗಳಲ್ಲಿ ಹೆಚ್ಚು ನೋಯಿಸುತ್ತಿದ್ದದ್ದು ನಾಲಿಗೆಯೇ ಎಂದು ಈಗ ಎಲ್ಲರೂ ಹೇಳುತ್ತಾರೆ. ಯಾರಾದರೂ ಕಿರುಚಿಕೊಂಡರೆ, “ಅಯ್ಯೋ, ಕೂಸಿಗೆ ಯಾರಾದ್ರೂ ಹಾಲು ಕುಡಿಸ್ರೋ!” ಎನ್ನುತ್ತಿದ್ದೆ. ಜನ ಬಿದ್ದು ಬಿದ್ದು ನಗುತ್ತಿದ್ದರು.

ನನ್ನ ಮುಂಬಲ್ಲುಗಳ ಕತೆ ಕೇಳಿದರೆ ಇನ್ನೂ ನಗುತ್ತೀರಿ. ಮೀಸೆ ಚಿಗುರುವ ಹೊತ್ತಿಗೆ ಬಂಡೆಯಿಂದ ಜಾರಿ ಮುಖ ಅಡಿಯಾಗಿ ಬಿದ್ದಿದ್ದೆ. ಎಚ್ಚರವಾದಾಗ ಎರಡೂ ಹಲ್ಲು ಇರಲಿಲ್ಲ. ಆಗಿನ ಹಿರಿಯರು ಅದನ್ನೇ ಶಾಸ್ತ್ರವೆಂದು ಒಪ್ಪಿಕೊಂಡುಬಿಟ್ಟರು. ಉಳಿಯ ಪೆಟ್ಟು ಹೇಗಿರುತ್ತದೆಂದು ಗೊತ್ತೇ ಇಲ್ಲದವನ ಕೈಗೆ ಉಳಿ ಬಂತು.

ಓಕ್ ಮರಗಳು ಕಾಯಿ ಉದುರಿಸುವ ಕಾಲ ಬಂತು. ಕಾಯಿಯನ್ನು ಜಜ್ಜಿ ಬೇಯಿಸಿದ ಹಿಟ್ಟು ಸಿಹಿ; ಅಂಟಂಟು; ಹಲ್ಲಿನ ಸಂದಿಗೆ ಹೊಕ್ಕರೆ ಹೊರಗೆ ಬರುವುದಿಲ್ಲ. ನನಗೋ ಅದೆಂದರೆ ಪ್ರಾಣ. ಹೀಗೆ ತಿನ್ನುತ್ತಿದ್ದಾಗಲೇ ಬಲದವಡೆಯೊಳಗೆ ಯಾರೋ ಕೊಳ್ಳಿಯಿಂದ ತಿವಿದ ಹಾಗಾಯಿತು. ಕಣ್ಣು ಕತ್ತಲೆ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಡತಿ ತೂದಾ, “ಯಾಕ್ರೀ, ಏನಾಯ್ತು?” ಎಂದಳು.

“ಸತ್ತ ಅಪ್ಪ ನೆನಪಾದ,” ಎಂದೆ.

ಅವಳು ಪಾಪ ನನ್ನ ಬೆನ್ನು ಸವರಿದಳು. ಆಮೇಲೆ ಅಪ್ಪ ಊಟಕ್ಕೊಮ್ಮೆ ನೆನಪಾಗತೊಡಗಿದ. ನಾನು ಬಸವನಹುಳುವಿನ ಸಾರನ್ನು ಎಡಗಡೆಯಿಂದಲೇ ಹೀರುತ್ತಿದ್ದೆ. ಯಾರೂ ಇಲ್ಲದಾಗ ಗುಹೆಯ ತಣ್ಣನೆಯ ಗೋಡೆಗೆ ಕೆನ್ನೆಯೊತ್ತಿ ನಿಲ್ಲುತ್ತಿದ್ದೆ. ಹಲ್ಲು ಉದುರಿಸುವವನೇ ಹಲ್ಲುನೋವೆಂದು ಅಳುವುದೇ? ಮಾನ ಏನಾಗಬೇಕು?

ಮಾನ ಹೋದದ್ದು ಕಾಡುಕುರಿಯ ಬೇಟೆಯಲ್ಲಿ. ಕಣಿವೆಯ ಬಾಯಲ್ಲಿ ನಾವೆಲ್ಲ ಪೊದೆಗಳ ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದೆವು. ಹಿಂಡು ಇಳಿದು ಬರುತ್ತಿತ್ತು. ಅಷ್ಟರಲ್ಲಿ ಗಾಳಿ ಸುಯ್ಯೆಂದು ನನ್ನ ಬಾಯೊಳಗೆ ನುಗ್ಗಿತು. ನಾನು ಕೂಗಿದೆ. ಅದು ಮನುಷ್ಯನ ಕೂಗಿನ ಹಾಗಿರಲಿಲ್ಲವಂತೆ. ಕುರಿಗಳು ದಿಕ್ಕಾಪಾಲಾಗಿ ಓಡಿಹೋದವು.

ಬೇಟೆಯ ಯಜಮಾನ ಮಝಿಲ್ ಈಟಿ ಹಿಡಿದು ನನ್ನೆದುರು ಬಂದು ನಿಂತ. “ಏನೋ ಅದು?”

“ಚಿರತೆ,” ಎಂದೆ. “ಆ ಬಂಡೆ ಹಿಂದೆ. ದೊಡ್ಡದು.”

ಮಂದಿ ಚಿರತೆಯ ಹೆಜ್ಜೆ ಹುಡುಕಿ ಗುಡ್ಡವೆಲ್ಲ ಅಲೆದರು. ನಾನೂ ಹುಡುಕಿದೆ, ಎಲ್ಲರಿಗಿಂತ ಜೋರಾಗಿ. ಸಂಜೆ ಬರಿಗೈಯಲ್ಲಿ ಬಂದಾಗ ನನ್ನ ಕೆನ್ನೆ ಊದಿ ಒಂದು ಕಣ್ಣು ಮುಚ್ಚಿತ್ತು. ಮಝಿಲ್ ಬೆಂಕಿಯ ಬೆಳಕಿನಲ್ಲಿ ನನ್ನ ಮುಖ ನೋಡಿ, “ಚಿರತೆ ಇಲ್ಲೇ ಐತಲ್ಲೋ, ನಿನ್ನ ಬಾಯೊಳಗೆ!” ಎಂದ. ಆ ದಿನ ಮಾಂಸವಿಲ್ಲದೆ ಮಲಗಿದವರೆಲ್ಲ ನನ್ನನ್ನು ಬೈದುಕೊಂಡೇ ಮಲಗಿದರು.

ಬೆಳಗ್ಗೆ ನನ್ನ ಅತ್ತೆ ಇಟ್ಟೊ ಬಂದಳು. ಕೈಯಲ್ಲಿ ಎಲೆಯಿಲ್ಲದ ಕಡ್ಡಿಗಿಡದ ಕಟ್ಟು. ನೋಡಿದವನೇ ಹಿಂದಕ್ಕೆ ಸರಿದೆ. ಆ ಗಿಡವನ್ನು ನಾವು ಹೆಣದ ಪಕ್ಕದಲ್ಲಿಟ್ಟು ಮಣ್ಣು ಮಾಡುತ್ತೇವೆ.

“ಅತ್ತೆ, ನಾನಿನ್ನೂ ಬದುಕಿದ್ದೀನಿ.”

“ಗೊತ್ತು ಅಳಿಯಂದ್ರೇ. ಸತ್ತೋರು ಇಷ್ಟೊಂದು ನರಳಲ್ಲ. ಇದನ್ನ ಅಗೀರಿ.”

“ಇದು ಸತ್ತೋರಿಗೆ ಇಡೋದಲ್ವಾ?”

ಅವಳು ತನ್ನ ಬಾಯಿ ಅಗಲಿಸಿ ತೋರಿಸಿದಳು. ಒಳಗೆ ಹಲ್ಲುಗಳಿಗಿಂತ ಗುಂಡಿಗಳೇ ಹೆಚ್ಚು. “ಇವೆಲ್ಲ ಹೋಗೋವಾಗ ನಾನು ಕೂಗಿದ್ದು ಕೇಳಿದ್ದೀರಾ? ಇಲ್ಲ. ಅವರಿಗೆ ಇಡೋ ಮುಂಚೆ ನನಗೂ ಒಂದು ಹಿಡಿ ತೆಗೆದಿಟ್ಕೊಳ್ತಿದ್ದೆ. ಯಾವ ಹೆಣಾನೂ ಬೇಡ ಅನ್ನಲಿಲ್ಲ.”

ಅಗಿದೆ. ಕಹಿ, ಒಗರು. ಸ್ವಲ್ಪ ಹೊತ್ತಿಗೆ ಎದೆ ಡವಡವ ಹೊಡೆದುಕೊಂಡು, ಕಟ್ಟಿದ್ದ ಮೂಗು ಬಿಟ್ಟುಕೊಂಡು, ಬಾಯಿಗೆ ಮಾತು ಬಂದುಬಿಟ್ಟಿತು. ನೋವು ಹೋಗಿರಲಿಲ್ಲ; ಅದು ಪಕ್ಕದ ಮನುಷ್ಯನದೇನೋ ಅನ್ನಿಸುತ್ತಿತ್ತು. ಚಿರತೆ ಸುಳ್ಳೆಂದೆ, ಅಪ್ಪನ ನೆನಪು ಸುಳ್ಳೆಂದೆ, ಅತ್ತೆಯ ಸಾರು ನೀರುನೀರಾಗಿರುತ್ತದೆಂದೂ ಹೇಳಿದೆನಂತೆ. ಕೊನೆಗೆ, “ಕೀಳಿ! ಯಾರಾದ್ರೂ ಕೀಳಿ! ನನಗೇನು ಭಯವಾ?” ಎಂದು ಎದೆ ತಟ್ಟಿಕೊಂಡೆ.

ಕೀಳುವವರು ಯಾರು? ಆ ವಿದ್ಯೆ ಬಲ್ಲವನು ನಾನೊಬ್ಬನೇ. ಆಗ ನಾದಿನಿ ಸೆಕ್ಕೂರ ತಾನು ಹೆಣೆಯುತ್ತಿದ್ದ ಹುಲ್ಲಿನ ಬುಟ್ಟಿ ಬದಿಗಿಟ್ಟು, ಮೂಳೆಯ ದಬ್ಬಳ ಹಿಡಿದು ಎದ್ದಳು. ಅವಳ ಹಲ್ಲು ಉದುರಿಸಿದ್ದು ನಾನೇ. ಕಿರುಚಿದ್ದಳು. ನಾನು ಹಾಲಿನ ಮಾತು ಆಡಿದ್ದೆ.

“ನಿಂಗೆ ಬರುತ್ತಾ?” ಎಂದೆ. ಧೈರ್ಯ ಅರ್ಧ ಇಳಿದಿತ್ತು.

“ಇಲ್ಲ ಭಾವ. ನಿಮ್ಮ ಬಾಯಲ್ಲೇ ಕಲೀತೀನಿ. ಅಕ್ಕಾ, ಕಾಲು ಹಿಡ್ಕೋ.”

ತೂದಾ ಕಾಲ ಮೇಲೆ ಕೂತಳು, ಅತ್ತೆ ತಲೆ ಹಿಡಿದಳು. ಸೆಕ್ಕೂರ ಊದಿದ ಒಸಡಿಗೆ ದಬ್ಬಳ ಚುಚ್ಚಿದಳು. ನಾನು ಅವಳ ಬೆರಳು ಕಚ್ಚಿದೆ. ಅವಳು ಇನ್ನೊಂದು ಕೈಯಿಂದ ನನ್ನ ಒಳ್ಳೆಯ ಕೆನ್ನೆಗೆ ಬಾರಿಸಿದಳು. ಬಾಯಿ ತೆರೆಯಿತು, ಕೀವು ಬುಳಕ್ಕನೆ ಹೊರಬಂತು. ಆಮೇಲೆ ಅವಳು ಚೂಪುಗಲ್ಲಿನ ಚೂರಿನಿಂದ ಹುಳುಕನ್ನು ಕೆರೆದು, ಅಲ್ಲಾಡುತ್ತಿದ್ದ ಹಲ್ಲನ್ನು ತಿರುಚಿ ತಿರುಚಿ ಕಿತ್ತಳು. ನಾನು ಕೂಗಿದ ಕೂಗಿಗೆ ಗುಹೆಯ ಬಾವಲಿಗಳೆಲ್ಲ ಹಾಡುಹಗಲೇ ಎದ್ದು ಹೊರಗೆ ಹಾರಿದವು.

 ದವಡೆ ಹಗುರವಾಗಿತ್ತು. ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ, ನೋವಿಲ್ಲದ್ದಕ್ಕೆ. ಸೆಕ್ಕೂರ ಏನಾದರೂ ಚುಚ್ಚಿ ಆಡುತ್ತಾಳೆಂದು ಕಾದೆ. ಅವಳು ಬೆರಳಿನ ರಕ್ತ ಚೀಪುತ್ತಾ, “ಅತ್ತುಬಿಡಿ ಭಾವ, ಹಗುರಾಗುತ್ತೆ,” ಎಂದಳಷ್ಟೆ. ಹಂಗಿಸಿದ್ದರೇ ಚೆನ್ನಾಗಿತ್ತು.

ವಸಂತದಲ್ಲಿ ಹಲ್ಲು ಕೊಡುವ ದಿನ ಬಂತು. ಮುಂದೆ ಕೂತ ಹುಡುಗಿಯ ತುಟಿ ನಡುಗುತ್ತಿತ್ತು. ಜನ ನನ್ನ ತಮಾಷೆಗೆ ಕಾಯುತ್ತಿದ್ದರು. ನಾನು ಎತ್ತಿದ ಉಳಿಯನ್ನು ಇಳಿಸಿದೆ. “ಅತ್ತೆ, ಇವಳಿಗೂ ಒಂಚೂರು ಕಡ್ಡಿ ಕೊಡು,” ಎಂದೆ.

ಮಝಿಲ್ ಸಿಡಿದೆದ್ದ. “ನೋವು ತಡೆಯೋದೇ ಶಾಸ್ತ್ರ ಕಣೋ! ನಾವೆಲ್ಲ ತಡೀಲಿಲ್ವಾ?”

“ನಾನು ತಡೀಲಿಲ್ಲ,” ಎಂದೆ. ಬಂಡೆಯ ಕತೆಯನ್ನು ಎಲ್ಲರ ಮುಂದೆ ಪೂರ್ತಿ ಹೇಳಿದೆ. ನಗು ಶುರುವಾಯಿತು. ಅದು ನಿಲ್ಲುವಷ್ಟರಲ್ಲಿ ಅತ್ತೆ ಹುಡುಗಿಯ ಬಾಯಿಗೆ ಕಡ್ಡಿ ತುರುಕಿಯಾಗಿತ್ತು. ಉಳಿಯನ್ನು ಸೆಕ್ಕೂರಳ ಕೈಗೆ ಕೊಟ್ಟೆ. ಈಗ ಆ ಕೆಲಸ ಅವಳದು. ತಲೆ ಹಿಡಿದುಕೊಳ್ಳುವುದು ನನ್ನದು. ಎಷ್ಟೋ ಜನರ ಕಣ್ಣೀರು ನನ್ನ ಮುಂಗೈ ಮೇಲೆ ಒಣಗಿದೆ.

ಈಚೆಗೆ ಎಡದವಡೆಯೂ ಜುಮ್ಮೆನ್ನುತ್ತಿದೆ. ಬಚ್ಚಿಡದೆ ನೇರವಾಗಿ ನಾದಿನಿಗೆ ಹೇಳಿದೆ. ಅವಳು ತಲೆಯೆತ್ತಲೂ ಇಲ್ಲ.

“ಈ ಬುಟ್ಟಿ ಮುಗೀಲಿ ಭಾವ,” ಎಂದಳು. “ಅಲ್ಲೀತನಕ ಬಾಯಿ ಮುಚ್ಕೊಂಡಿರಿ.”