ತೂಕಡಿಸಿದವರ ಭಾಷಣ

ಸವಣೂರಿನ ಗೆಳೆಯರ ಕ್ಲಬ್ಬಿನಲ್ಲಿ ಒಂದು ವಿಚಿತ್ರ ಕಾಯಿದೆಯಿತ್ತು: ಭಾಷಣ ಕೇಳುತ್ತ ಯಾರು ತೂಕಡಿಸುತ್ತಾರೋ ಮುಂದಿನ ತಿಂಗಳ ಭಾಷಣ ಅವರೇ ಮಾಡಬೇಕು. ಇದಕ್ಕೆ ಕಾರಣವೂ ಇತ್ತು. ಹಿಂದೊಮ್ಮೆ ಧಾರವಾಡದಿಂದ ಬಂದ ಪಂಡಿತರೊಬ್ಬರು ಮಾತಿನ ನಡುವೆ ಕನ್ನಡಕ ಒರೆಸಿ ಹಾಕಿಕೊಂಡು ನೋಡಿದರೆ ಅರ್ಧ ಸಭೆ ಗೊರಕೆ ಹೊಡೆಯುತ್ತಿತ್ತು. ಭಾನುವಾರ ಮಧ್ಯಾಹ್ನ ಹೊಟ್ಟೆತುಂಬ ಊಟ ಹಾಕಿಸಿ ಭಾಷಣ ಇಟ್ಟರೆ ಇನ್ನೇನಾದೀತು? ಪಂಡಿತರು ಶಾಲು, ಹಾರ ಯಾವುದನ್ನೂ ಮುಟ್ಟದೆ ಬಸ್ಸು ಹತ್ತಿದರು. ಅಂದಿನಿಂದ ಹೊರಗಿನವರನ್ನು ಕರೆಯುವುದು ಬಂದ್ ಆಯಿತು. ವೇದಿಕೆ ಹತ್ತುವವರು ಮೆಂಬರೇ ಆಗಿರಬೇಕು ಎಂದು ಇನ್ನೊಂದು ಕಾಯಿದೆ ಬಂತು.

ಈ ಕಾಯಿದೆಗೆ ಎಲ್ಲರಿಗಿಂತ ಹೆಚ್ಚು ಹೆದರಿದವರು ಎಲೆ ವ್ಯಾಪಾರಿ ಇಸ್ಮಾಯಿಲಸಾಬರು. ಅಂಗಡಿಯಲ್ಲಿ ಕುಳಿತರೆ ಊರನ್ನೇ ಮಾತಿನಲ್ಲಿ ಗೆಲ್ಲುವ ಮನುಷ್ಯ ಮೈಕು ಕಂಡರೆ ಬೆವರುತ್ತಿದ್ದರು. ಎಲ್ಲಿಯಾದರೂ ಕಣ್ಣು ಮುಚ್ಚಿಬಿಟ್ಟರೆ ತಯಾರಿರಲಿ ಎಂದು, ಪ್ರತಿ ತಿಂಗಳು ಭಾಷಣದ ದಿನ ಬೆಳಿಗ್ಗೆ ಹೆಂಡತಿ ಮಾಸೂಮಾಳನ್ನು ಎದುರಿಗೆ ಕೂರಿಸಿಕೊಂಡು ವೀಳ್ಯದೆಲೆಯ ಮೇಲೆ ಒಂದು ಭಾಷಣ ಒಪ್ಪಿಸುತ್ತಿದ್ದರು. ಮನೆಯ ಮಾತು ಉರ್ದು, ಭಾಷಣ ಮಾತ್ರ ಕನ್ನಡ. ಮಾಸೂಮಾ ಸೊಪ್ಪು ಸೋಸುತ್ತ ಕೇಳುವಳು. ಇಪ್ಪತ್ತೈದು ವರ್ಷ ಅದೇ ಭಾಷಣ. ಅದನ್ನು ಕ್ಲಬ್ಬಿನಲ್ಲಿ ಮಾಡುವ ಪ್ರಸಂಗ ಮಾತ್ರ ಒಮ್ಮೆಯೂ ಬರಲಿಲ್ಲ. ತನ್ನಂಥ ಎಚ್ಚರದ ಮನುಷ್ಯ ಸವಣೂರಿನಲ್ಲೇ ಇಲ್ಲ ಎಂದು ಸಾಬರು ಗಡ್ಡ ನೀವಿಕೊಳ್ಳುತ್ತಿದ್ದರು.

ಆ ಎಚ್ಚರದ ಮನುಷ್ಯ ಹೋದ ಬೇಸಿಗೆಯಲ್ಲಿ ತೀರಿಕೊಂಡರು.

ಚಳಿ ಬಿದ್ದಾಗ ಕ್ಲಬ್ಬಿನ ವರ್ಷದ ಟ್ರಿಪ್ಪಿನ ಸುದ್ದಿ ಬಂತು. ಈ ಸಲ ಮಾಸೂರಿನ ಮದಗದ ಕೆರೆಗೆ. ಕೇಳಿದ ಮಾಸೂಮಾಳಿಗೆ ಒಲೆಯ ಮೇಲಿನ ರೊಟ್ಟಿ ತಿರುವುವುದೇ ಮರೆತುಹೋಯಿತು. ಕ್ಲಬ್ಬಿನ ಮೊದಲ ಟ್ರಿಪ್ಪು ಹೋದದ್ದು ಅಲ್ಲಿಗೇ. ಆಗ ಮನೆ ತುಂಬ ಜನ, ಅತ್ತೆ, ಮೈದುನರು. ಗಂಡನ ಪಕ್ಕ ಕುಳಿತು ಒಂದು ತುತ್ತು ಉಂಡದ್ದಿಲ್ಲ. ಆವತ್ತು ಕೆರೆ ಏರಿಯ ಮೇಲೆ ಆತ ತನ್ನ ಕೈಯಾರೆ ಪೇರಲಹಣ್ಣು ಹೆಚ್ಚಿ, ಉಪ್ಪು ಖಾರ ಹಚ್ಚಿ, ಎಲ್ಲರ ಎದುರಿಗೇ ಕೊಟ್ಟಿದ್ದ. ಆಮೇಲೆ ಹಾನಗಲ್ಲಿನ ಗುಡಿ, ಬಂಕಾಪುರದ ನವಿಲು, ಹುಲಗೂರಿನ ದರ್ಗಾ ಎಲ್ಲ ಆದವು. ವರ್ಷಾ ವರ್ಷಾ ಆತ ಮದಗದ ಕೆರೆಗೆ ಕೈ ಎತ್ತುವುದು, ಉಳಿದವರೆಲ್ಲ ಬೇರೆ ಕಡೆಗೆ ಎತ್ತುವುದು. ಆತ ಹೋದ ಮೇಲೆ ಎಲ್ಲರಿಗೂ ಕೆರೆ ನೆನಪಾಗಿತ್ತು.

ತಾನೂ ಬರುತ್ತೇನೆಂದು ಮಾಸೂಮಾ ಹೇಳಿಕಳಿಸಿದಳು. ಕ್ಲಬ್ಬಿನ ಸೆಕ್ರೆಟರಿ ಜಗದೀಶ ಮನೆಗೇ ಬಂದ. ಒಳ್ಳೆಯ ಹುಡುಗನೇ, ಆದರೆ ಕಾಯಿದೆ ಎಂದರೆ ಎದ್ದು ನಿಲ್ಲುವ ಜಾತಿ.

"ಬ್ಯಾಸರ ಮಾಡ್ಕೋಬ್ಯಾಡ್ರಿ ಚಾಚಿ. ಟ್ರಿಪ್ಪಿಗೆ ಮೆಂಬರು, ಮೆಂಬರ್ ಮನಿಯವರು, ಇಷ್ಟ ಮಂದಿ ಅಂತ ಐತ್ರಿ. ಸಾಬರ ಇಲ್ಲಂದಮ್ಯಾಲ..." ಎಂದು ಉಳಿದದ್ದನ್ನು ನುಂಗಿಕೊಂಡ.

ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದ ಮಗ ನಾಸೀರ. ಅವಳಿಗೆ ಕಾರು ಬೇಡ. ಗದ್ದಲದ ಆ ಬಸ್ಸು ಬೇಕು, ಆ ಹಳೆಯ ಮುಖಗಳು ಬೇಕು, ಇಸ್ಮಾಯಿಲಸಾಬರ ಹೆಸರು ತೆಗೆದು ನಗುವ ಜನ ಬೇಕು. ಮನೆಯಲ್ಲಿ ಈಗ ಆತನ ಹೆಸರು ಬಂದರೆ ಎಲ್ಲರೂ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು, ಯಾರೂ ನಗುತ್ತಿರಲಿಲ್ಲ.

ಭಾಷಣಕ್ಕೆ ಮಾತ್ರ ಯಾರು ಬೇಕಾದರೂ ಬರಬಹುದಿತ್ತು. ಮುಂದಿನ ಭಾನುವಾರ ಮಾಸೂಮಾ ಹೋಗಿ ಹೆಣ್ಣುಮಕ್ಕಳ ಮೊದಲ ಸಾಲಿನಲ್ಲೇ ಕುಳಿತಳು. ವಿಷಯ ಹಾನಗಲ್ಲ ಕದಂಬರ ಶಾಸನಗಳು. ಇನ್ನೂ ಮೊದಲ ಶಾಸನ ಮುಗಿದಿರಲಿಲ್ಲ, ಅವಳು ತಲೆ ವಾಲಿಸಿ ಕಣ್ಣು ಮುಚ್ಚಿದಳು. ಇರಲಿ ಎಂದು ಸಣ್ಣಗೆ ಗೊರಕೆಯನ್ನೂ ಹೊಡೆದಳು.

"ಮಲಗ್ಯಾರ! ಭಾಬಿ ಮಲಗ್ಯಾರ!" ಎಂದು ಕ್ಲಬ್ಬಿನ ಅಧ್ಯಕ್ಷ ನಾಗಪ್ಪ ಚಪ್ಪಾಳೆ ತಟ್ಟಿದರು. ಇಸ್ಮಾಯಿಲಸಾಬರ ಇಸ್ಪೀಟಿನ ಜೋಡಿ ಅವರು. "ಮುಂದಿನ ಭಾಷಣ ಭಾಬಿದು!"

ಜಗದೀಶ ಎದ್ದು ನಿಂತ. "ಅವ್ರು ಮೆಂಬರ್ ಅಲ್ಲಲ್ರಿ ಕಾಕಾ."

"ಮೆಂಬರ್ ಅಲ್ಲದವರು ಭಾಷಣ ಮಾಡೂಹಂಗಿಲ್ಲ, ಮಲಗಿದವರು ಮಾಡದ ಬಿಡೂಹಂಗಿಲ್ಲ. ಎರಡೂ ನಮ್ಮವ ಕಾಯಿದೆ. ಹ್ಯಾಂಗ ಮಾಡ್ತಿ ಮಾಡಪಾ ಈಗ?"

ದಾರಿ ಒಂದೇ ಇತ್ತು. ಆ ವಾರವೇ ಮಾಸೂಮಾ ಮೆಂಬರಾದಳು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಅನ್ನುವುದು ಸುಳ್ಳಲ್ಲ.

ಭಾಷಣದ ದಿನ ಅವಳು ಮೈಕಿನ ಮುಂದೆ ಹೋಗಿ ನಿಂತಳು. ಬಾಯಿ ತೆರೆದ ಮೇಲೆ ಮಾತು ತಾನಾಗಿ ಬಂತು, ಆತನ ಮಾತು, ಆತನದೇ ಧಾಟಿಯಲ್ಲಿ.

"ಎಲಿ ಅಂದ್ರ ಬರೇ ಎಲಿ ಅಲ್ಲರಿ. ಹೆಣ್ಣು ಕೊಡೂಮುಂದೂ ಎಲಿ ಬೇಕು, ಜಗಳ ಹರಿಯೂಮುಂದೂ ಎಲಿ ಬೇಕು. ಎಲಿಗೆ ನೀರು ಚಿಮುಕಸಬೇಕು, ತೋಯಸಬಾರ್ದು. ಹಸಿ ಅರಿವ್ಯಾಗ ಸುತ್ತಬೇಕು, ಬಿಗಿಯಬಾರ್ದು. ಬಿಗದ್ರ ಕೊಳೀತೈತಿ. ಗಂಡ ಹೆಂಡ್ತಿನೂ ಹಂಗ..."

ಅಲ್ಲಿಗೆ ನಿಂತಳು.

"ಮುಂದಿಂದು ನನಗ ಗೊತ್ತಿಲ್ಲರಿ. ಮನ್ಯಾಗ ನನ್ನ ಮುಂದ ಹೇಳೂಮುಂದ ಈ ಮಾತಿಗೆ ಬಂದ್ರ ಅವ್ರಿಗೆ ನಾಚಿಕಿ ಬರ್ತಿತ್ತು. ಇಷ್ಟ ಸಾಕು ಅಂತ ಎದ್ದು ಹೋಗಿಬಿಡ್ತಿದ್ರು."

ಎಲ್ಲರೂ ನಕ್ಕರು. ಅಂದು ಯಾರೂ ತೂಕಡಿಸಲಿಲ್ಲ. ಹೀಗಾಗಿ ಮುಂದಿನ ತಿಂಗಳ ಭಾಷಣಕ್ಕೆ ಜನವೇ ಸಿಗದೆ ಜಗದೀಶ ಪೇಚಾಡಿದ.

ಟ್ರಿಪ್ಪಿನ ದಿನ ಮಾಸೂಮಾ ಎಲ್ಲರಿಗಿಂತ ಮೊದಲು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಸಾಬರದೇ ಮಾತು, ಸಾಬರದೇ ನಗೆ. ಮಾಸೂರಿಗೆ ಬಂದು ಎಲ್ಲರೂ ಜಮಖಾನೆ ಹಾಸುವ ಗಡಿಬಿಡಿಯಲ್ಲಿದ್ದಾಗ ಅವಳೊಬ್ಬಳೇ ಏರಿಯ ಮೇಲೆ ಹೋಗಿ ಕುಳಿತಳು. ನೀರು ತುಂಬಿತ್ತು. ಪಕ್ಕದ ಜಾಗ ಖಾಲಿ ಇತ್ತು, ಅದೊಂದೇ ಸಹಿಸಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ನಾಗಪ್ಪ ಬಂದು ತುಸು ದೂರ ಕುಳಿತರು.

"ಭಾಬಿ, ಅವತ್ತ ನೀವು ಮಲಗಿರಲಿಲ್ಲ."

ಮಾಸೂಮಾ ಗಕ್ಕನೆ ತಿರುಗಿ ನೋಡಿದಳು. "ಗೊತ್ತಿತ್ತೇನ್ರಿ ಅಣ್ಣಾರ?"

"ಖರೇ ನಿದ್ದಿ ಹ್ಯಾಂಗಿರತೈತಿ ಅಂತ ನಾ ನೋಡಿಲ್ಲೇನು? ನಮ್ಮ ಇಸ್ಮಾಯಿಲ ತಿಂಗಳಾ ತಿಂಗಳಾ ಭಾಷಣದಾಗ ಮಲಗ್ತಿದ್ದ. ಬಾಯಿ ತಗದು ಮಲಗ್ತಿದ್ದ."

"ನಮ್ಮವ್ರಾ?"

"ಹೂಂ. ನಾ ಬಾಜೂಕ ಕುಂತು ಕಾಲು ತುಳದು ಎಬ್ಬಸ್ತಿದ್ದೆ. ಪಾಪ, ಮೈಕ್ ಅಂದ್ರ ಅಂಜತಾನ, ಮಂದ್ಯಾಗ ಮರ್ಯಾದಿ ಹೋಗಬಾರ್ದು ಅಂತ." ನಾಗಪ್ಪ ಕೆರೆಯ ಕಡೆ ಮುಖ ತಿರುವಿದರು. "ಎಬ್ಬಸಬಾರದಿತ್ತು ಭಾಬಿ. ಒಂದ ಸಲ ಸುಮ್ಮನ ಬಿಟ್ಟಿದ್ರ ಆ ಭಾಷಣ ಅವನ ಬಾಯಿಂದನ ಕೇಳತಿದ್ವಿ. ಅದ ಸಂಕಟ ಆಗೇತಿ ನನಗ."

ಮಾಸೂಮಾಳಿಗೆ ಅಳು ಬಂತು, ಅದರ ಬೆನ್ನಿಗೇ ನಗುವೂ ಬಂತು. ಎಚ್ಚರದ ಮನುಷ್ಯನಂತೆ, ಎಚ್ಚರದ ಮನುಷ್ಯ!

"ಇಲ್ಲರಿ ಅಣ್ಣಾರ, ಎಬ್ಬಿಸಿದ್ದ ಚಲೋ ಆತು. ನಿಮ್ಮ ಮುಂದ ಒಂದ ಸಲ ಮಾಡಿ ಮುಗಿಸಿದ್ರ ಆಮ್ಯಾಲ ನನಗ ಯಾರು ಹೇಳ್ತಿದ್ರು? ಇಪ್ಪತ್ತೈದು ವರ್ಷ, ತಿಂಗಳಾ ತಿಂಗಳಾ, ನನ್ನೊಬ್ಬಾಕಿ ಮುಂದ ಕುಂತು ಮಾತಾಡ್ಯಾರ. ಅದು ನಿಮ್ಮ ಕಾಲಿನ ಪುಣ್ಯಾರಿ."